ಎಐಗೆ ಹೊಸಹಳ್ಳಿ ತೋರಿಸಿದ ಪ್ರಸಂಗ

ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತಾರೆಂದು ಗೊತ್ತಾದ ಕೂಡಲೇ ಅಮ್ಮ ಗೋಡೆಗೆ ಸುಣ್ಣ ಹೊಡೆಸಿದಳು. ನಾನು ನನ್ನ ಲ್ಯಾಪ್‌ಟಾಪಿನ ಎಐಗೆ ಇಂಟರ್ನೆಟ್ ಹುಡುಕುವುದನ್ನು ಕಲಿಸಲು ಕೂತೆ. ಇಬ್ಬರ ಉದ್ದೇಶವೂ ಒಂದೇ: ಬಿರುಕು ಕಾಣಬಾರದು.

ನಮ್ಮ ಕಡೆ ಗಂಡು ಹೋಗಿ ಹೆಣ್ಣನ್ನು ನೋಡುವುದು ಬರೀ ಉಪ್ಪಿಟ್ಟಿನ ಕಾರ್ಯಕ್ರಮ. ನಿಜವಾದ ಪರೀಕ್ಷೆ ಆಮೇಲೆ, ಅವರು ನಮ್ಮ ಮನೆಗೆ ಬಂದಾಗ. ನಲ್ಲಿ ತಿರುಗಿಸುತ್ತಾರೆ, ಕೊಟ್ಟಿಗೆಗೆ ಇಣುಕುತ್ತಾರೆ, ಪಕ್ಕದ ಮನೆಯವರನ್ನು ಮಾತಿಗೆಳೆಯುತ್ತಾರೆ. ಬೇತಮಂಗಲದ ಪವಿತ್ರ ನನಗೆ ನೋಡಿದ ತಕ್ಷಣ ಒಪ್ಪಿಗೆಯಾಗಿದ್ದಳು. ಅವಳಪ್ಪ ವೆಂಕಟೇಶಪ್ಪನವರಿಗೆ ಮಾತ್ರ ಒಂದು ಅನುಮಾನ. ರಾಬರ್ಟ್‌ಸನ್‌ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಕೂರುವ ಈ ಹುಡುಗನಿಗೆ ಕಸುಬು ಅಂತ ಏನಾದರೂ ಗೊತ್ತೇ? ಗೊತ್ತೆಂದು ತೋರಿಸಿದರೆ ಪವಿತ್ರ. ಇಲ್ಲವಾದರೆ ಬೇರೆ ಊರು, ಬೇರೆ ಉಪ್ಪಿಟ್ಟು.

ನನಗೆ ಚೆನ್ನಾಗಿ ಗೊತ್ತಿರುವುದು ಮಿಮಿಕ್ರಿ. ಊರಿಗೆ ನೀರು ಬಿಡುವ ನೀರುಗಂಟಿ, ಡೇರಿ ಕಾರ್ಯದರ್ಶಿ, ನನ್ನ ಹೆತ್ತಮ್ಮ, ಯಾರನ್ನೂ ಬಿಟ್ಟವನಲ್ಲ. ಎಲ್ಲರ ದನಿಯಲ್ಲೂ ಸುಳ್ಳು ಸುದ್ದಿ ಓದಿ ‘ಹೊಸಹಳ್ಳಿ ವಾರ್ತೆ’ ಎಂಬ ನನ್ನ ಪುಟದಲ್ಲಿ ಹಾಕುತ್ತಿದ್ದೆ. ಮುಖಕ್ಕೆ ಟವೆಲ್ ಸುತ್ತಿಕೊಳ್ಳುತ್ತಿದ್ದರಿಂದ ಒದೆ ಬಿದ್ದಿರಲಿಲ್ಲ. ವಿಡಿಯೊದ ಕೆಳಗೆ ಪೂರ್ತಿ ಮಾತನ್ನೂ ಟೈಪ್ ಮಾಡುತ್ತಿದ್ದೆ. ಕಿವಿ ಕೇಳದವರೂ ನಗಲಿ ಎಂಬ ಸಮಾಜಸೇವೆ!

ಇದನ್ನು ಮಾವನಾಗುವವರಿಗೆ ತೋರಿಸಲಾಗುತ್ತದೆಯೇ? ಅದಕ್ಕೇ ಎಐ.

ಮೊದಲ ದಿನ ಅದನ್ನು ನಮ್ಮ ಹೊಸಹಳ್ಳಿ ಬಗ್ಗೆ ಕೇಳಿದೆ. ಖಚಿತ ಮಾಹಿತಿ ತನ್ನಲ್ಲಿಲ್ಲ ಎಂದು ಬಹಳ ಮರ್ಯಾದೆಯಿಂದ ಕೈಚೆಲ್ಲಿತು. ಬಾಗಿಲಲ್ಲಿ ನಿಂತಿದ್ದ ಅಮ್ಮ, ಇಷ್ಟೆಲ್ಲಾ ಓದಿಕೊಂಡಿದ್ದಕ್ಕೆ ನಮ್ಮೂರು ಗೊತ್ತಿಲ್ಲವಾ, ನಮ್ಮೂರ ಮೇಲೆ ಬರುವ ಕಾಮಸಮುದ್ರದ ಬಸ್ಸು ಹತ್ತಿಸಿ ಕಳಿಸು ಎಂದಳು. ಬಸ್ಸಿನ ಬದಲು ನಾನು ಹುಡುಕಾಟದ ಟೂಲ್ ಜೋಡಿಸಲು ನಿರ್ಧರಿಸಿದೆ. ಅದಿದ್ದರೆ ಎಐ ಗೊತ್ತಿಲ್ಲದ್ದನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ, ಓದಿ, ಯಾವ ಪುಟದಲ್ಲಿ ಸಿಕ್ಕಿತೆಂದೂ ಹೇಳುತ್ತದೆ. ಅರ್ಧ ಗಂಟೆಯ ಕೆಲಸ ಎಂದು ಬರೆದಿದ್ದರು. ಬರೆದವರು ನನ್ನನ್ನು ನೋಡಿರಲಿಲ್ಲ.

ಟೂಲಿಗಾಗಿ ಖಾತೆ ತೆರೆಯಲು ಹೋದರೆ, ಮನುಷ್ಯನೆಂದು ರುಜುವಾತು ಮಾಡು, ಸಿಗ್ನಲ್ ದೀಪವಿರುವ ಚಿತ್ರಗಳನ್ನು ಆರಿಸು ಎಂದಿತು. ನಮ್ಮೂರ ದಾರಿಯಲ್ಲಿ ಸಿಗ್ನಲ್ ಇದ್ದಿದ್ದರೆ ತಾನೇ ಅಭ್ಯಾಸವಿರುವುದು! ಮತ್ತೆ ಮತ್ತೆ ಫೇಲಾದೆ. ನಾನು ಮನುಷ್ಯನಲ್ಲ ಎಂದು ಅಮ್ಮ ಚಿಕ್ಕಂದಿನಿಂದ ಹೇಳುತ್ತಿದ್ದಳು. ಈಗ ಯಂತ್ರವೂ ಅನುಮೋದಿಸಿತು. ಕೊನೆಗೆ ಮಾರುದ್ದದ ರಹಸ್ಯ ಸಂಖ್ಯೆಯೊಂದು ದಯಪಾಲಿಸಲ್ಪಟ್ಟಿತು. ಅದನ್ನು ಎಐಯ ಸೆಟ್ಟಿಂಗ್ಸಿನಲ್ಲಿ ಅಂಟಿಸಿದೆ, ಕೆಲಸ ಮಾಡಲಿಲ್ಲ. ಇಡೀ ಭಾನುವಾರ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು, ಕೊನೆಯಲ್ಲೊಂದು ಖಾಲಿ ಜಾಗ ಸೇರಿಕೊಂಡಿತ್ತು. ಖಾಲಿ ಎಂದರೆ ಏನೂ ಇಲ್ಲ. ಆ ಏನೂ ಇಲ್ಲದ್ದು ನನ್ನನ್ನು ಸೋಲಿಸಿತ್ತು.

ಆಮೇಲೆ ನೋಡಬೇಕಿತ್ತು! ಕೋಲಾರ ಮಾರ್ಕೆಟ್ಟಿನ ಟೊಮೆಟೊ ರೇಟು ಕೇಳಿದರೆ ಹೇಳಿತು, ನಾಳೆ ಮಳೆಯೇ ಎಂದರೆ ಹೇಳಿತು. ಹೊಸಹಳ್ಳಿ ಹೇಗಿದೆ ಎಂದೆ. ನದೀ ತೀರದ ತೆಂಗಿನ ತೋಟಗಳ ಸುಂದರ ಗ್ರಾಮ ಎಂದಿತು. ಕರ್ನಾಟಕದಲ್ಲಿ ಹೊಸಹಳ್ಳಿ ಇಲ್ಲದ ತಾಲ್ಲೂಕೇ ಇಲ್ಲ. ಅದು ಯಾರದೋ ಊರು ಹಿಡಿದುಕೊಂಡು ಬಂದಿತ್ತು. ವೆಂಕಟೇಶಪ್ಪನವರು ನದಿ ತೋರಿಸು ಎಂದರೆ ಎಲ್ಲಿಂದ ತರಲಿ? ಹುಡುಕುತ್ತಾ ಹೋದಾಗ ಟೂಲ್‌ನಲ್ಲಿ ಒಂದು ಸೌಲಭ್ಯ ಸಿಕ್ಕಿತು: ಯಾವ ಪುಟವನ್ನು ಮೊದಲು ನಂಬಬೇಕು? ಬಂಗಾರಪೇಟೆ ತಾಲ್ಲೂಕಿನ ಹೊಸಹಳ್ಳಿ ಬಗ್ಗೆ ಇಡೀ ಇಂಟರ್ನೆಟ್ಟಿನಲ್ಲಿ ಬರೆದ ಮಹಾನುಭಾವ ಒಬ್ಬನೇ. ನಿದ್ದೆಗಣ್ಣಿನಲ್ಲೇ ಹೆಮ್ಮೆಯಿಂದ ನನ್ನ ಪುಟದ ವಿಳಾಸ ತುಂಬಿ, ಪರೀಕ್ಷಿಸದೆ ಮಲಗಿದೆ.

ವೆಂಕಟೇಶಪ್ಪನವರು ತಮ್ಮ ತಾಯಿಯನ್ನೂ ಕರೆದುಕೊಂಡು ಬಂದರು. ಸಂಬಂಧ ತಂದ ನಮ್ಮ ಚಿಕ್ಕಪ್ಪ, ಹುಡುಗ ಮಾಡಿರುವ ಯಂತ್ರ ಕೇಳಿದ್ದೆಲ್ಲಾ ಹೇಳುತ್ತದೆಂದು ಬಾಗಿಲಲ್ಲೇ ಸಾರಿದ. ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲೆ ಪ್ರತಿಷ್ಠಾಪಿಸಿ, ದನಿ ಜೋರು ಮಾಡಿದೆ.

ಈ ಊರಿನಲ್ಲಿ ನೀರು ಹೇಗೆ ಎಂದು ವೆಂಕಟೇಶಪ್ಪನವರು ಕೇಳಿದರು. ಎಐ ವಾರ್ತೆ ಓದುವ ದನಿಯಲ್ಲಿ ಶುರುಮಾಡಿತು: “ಗ್ರಾಮದ ನೀರುಗಂಟಿಯವರ ಪ್ರಕಾರ, ನಲ್ಲಿಯಲ್ಲಿ ಗಾಳಿ ಪ್ರತಿದಿನ ತಪ್ಪದೆ ಬರುತ್ತದೆ. ನೀರು ಗೌರಿ ಹಬ್ಬಕ್ಕೆ ತವರಿಗೆ ಬರುವ ಮಗಳಂತೆ ಬಂದು ಹೋಗುತ್ತದೆ.”

ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿತು. ಯಾರೋ ಬುದ್ಧಿವಂತ ಬರೆದಿರಬೇಕು ಎಂದುಕೊಂಡೆ.

ಪವಿತ್ರಳ ಅಜ್ಜಿಗೆ ಉತ್ಸಾಹ ಬಂತು. ಅಮ್ಮನ ಹೆಸರು ಹಿಡಿದು, ಈ ಮನೆಯ ಲಕ್ಷ್ಮಮ್ಮ ಡೇರಿಗೆ ಹಾಕುವ ಹಾಲು ಎಂಥದು ಅಂತ ಕೇಳಿಸಿದರು. “ಡೇರಿ ಕಾರ್ಯದರ್ಶಿಯವರು ಪರೀಕ್ಷಿಸಿದಾಗ, ಲಕ್ಷ್ಮಮ್ಮನವರು ತಂದ ನೀರಿನಲ್ಲಿ ಅಲ್ಪಸ್ವಲ್ಪ ಹಾಲಿನ ಅಂಶ ಕಂಡುಬಂದಿದೆ.”

ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತು. ಆ ಬುದ್ಧಿವಂತ ಯಾರೆಂದು ನನಗೆ ಆಗ ಹೊಳೆಯಿತು.

ನೆಟ್‌ವರ್ಕ್ ಸರಿಯಿಲ್ಲ ಎನ್ನುತ್ತಾ ಲ್ಯಾಪ್‌ಟಾಪ್ ಮುಚ್ಚಲು ಹೋದೆ. ವೆಂಕಟೇಶಪ್ಪನವರು ನನ್ನ ಕೈ ಹಿಡಿದರು.

“ಇರಪ್ಪಾ. ಪಾಪ, ಇದೊಂದಾದ್ರೂ ನಿಜ ಏಳ್ತಾ ಐತೆ, ಏಳ್ಲಿ. ಏನಮ್ಮಾ ಯಂತ್ರ, ಈ ಮನೆ ಉಡುಗ ಎಂಥೋನು?”

“ಹುಡುಗನ ತಾಯಿಯವರ ಹೇಳಿಕೆ ಹೀಗಿದೆ: ಈ ಸೋಮಾರಿಯನ್ನು ಯಾರಾದರೂ ಕಟ್ಟಿಕೊಂಡರೆ, ಅವರ ತವರಿಗೆ ನಮ್ಮ ಸೀಮೆ ಹಸುವನ್ನು ಕರುವಿನ ಸಮೇತ ಪುಕ್ಕಟೆ ಕೊಡುತ್ತೇನೆ. ಆಧಾರ: ಹೊಸಹಳ್ಳಿ ವಾರ್ತೆ.”

ಚಿಕ್ಕಪ್ಪ ಆಧಾರವನ್ನು ಒತ್ತಿಬಿಟ್ಟ. ಪರದೆಯ ಮೇಲೆ ನಾನು ಪ್ರತ್ಯಕ್ಷನಾದೆ! ಮುಖಕ್ಕೆ ಟವೆಲ್, ಮೈಗೆ ಅಮ್ಮನ ಹಸಿರು ಸೀರೆ, ಕೈಯಲ್ಲಿ ಪೊರಕೆ. ಅಡುಗೆಮನೆಯಿಂದ ಅಮ್ಮ ಹೊರಬಂದಳು. ಮೈಮೇಲೆ ಅದೇ ಹಸಿರು ಸೀರೆ.

“ಯಾವಾಗ್ಲಾ ಅಂದಿದ್ದೆ ನಾನು, ಅಸೂನ ಕೊಡ್ತೀನಿ ಅಂತ?”

ಪವಿತ್ರ ಕೈತಪ್ಪಿದಳು ಎಂದು ನೆಲ ನೋಡುತ್ತಾ ನಿಂತೆ. ಅಜ್ಜಿ ಪರದೆ ನೋಡಿದರು, ಅಮ್ಮನನ್ನು ನೋಡಿದರು, ಸೆರಗು ಬಾಯಿಗೆ ಒತ್ತಿಕೊಂಡು ನಗಲು ಶುರುಮಾಡಿದರು. ವೆಂಕಟೇಶಪ್ಪನವರು ನಗಲಿಲ್ಲ.

“ನಮ್ಮ ಪವಿತ್ರ ರಾತ್ರಿ ಊಟ ಮಾಡ್ತಾ ಇದನ್ನೇ ನೋಡ್ಕಂಡು ನಗ್ತಿರ್ತಾಳೆ. ಯಾವೋನೋ ತಲೆಕೆಟ್ಟೋನು ಅಂತಿದ್ದೆ. ನೀನೇನಪ್ಪಾ ಅದು?”

ಹೌದೆಂದೆ. ಯಾವ ಭಾಗಕ್ಕೆ ಹೌದೆಂದು ಅವರು ಕೇಳಲಿಲ್ಲ. ಎದ್ದು ಕೊಟ್ಟಿಗೆಗೆ ಹೋಗಿ ಸೀಮೆ ಹಸುವಿನ ಹಲ್ಲು, ಕೆಚ್ಚಲು, ಗೊರಸು ಎಲ್ಲವನ್ನೂ ನಿಧಾನವಾಗಿ ನೋಡಿದರು. ನನ್ನ ಹಲ್ಲನ್ನು ಯಾರೂ ನೋಡಲಿಲ್ಲ.

“ಉಡುಗಿಗೆ ಒಪ್ಪಿಗೆ ಅಂದ್ಮೇಲೆ ನಮ್ದೇನೈತೆ,” ಎಂದರು ಹೊರಬಂದು. “ಆದ್ರೆ ಲಕ್ಷ್ಮಮ್ಮಾ, ಊರೆಲ್ಲಾ ಕೇಳೋ ಅಂಗೆ ಏಳ್ಬಿಟ್ಟಿದ್ದೀರ. ಅಸೂನ ಯಾವಾಗ ಒಡ್ಕಂಡು ಓಗ್ಲಿ?”

ಅಮ್ಮನ ಕಣ್ಣಲ್ಲಿ ನೀರು. ಮಗ ಮದುವೆಯಾಗುತ್ತಾನೆಂದಲ್ಲ, ಹಸುವಿಗಾಗಿ. ಹೊತ್ತು ಮುಳುಗುವವರೆಗೂ ಚೌಕಾಸಿ ನಡೆದು, ಹಸು ಇಲ್ಲೇ ಇರಲಿ, ಕರು ಬೇತಮಂಗಲಕ್ಕೆ ಹೋಗಲಿ ಎಂದು ತೀರ್ಮಾನವಾಯಿತು. ಅಷ್ಟು ಹೊತ್ತಿನಲ್ಲಿ ನನ್ನ ಸುದ್ದಿ ಬಂದದ್ದು ಒಂದೇ ಸಲ, ಕರುವಿಗೆ ಹಗ್ಗ ತರಲು ಕಳಿಸಿದಾಗ.

ಈಗ ಚಿಕ್ಕಪ್ಪ ಬಸ್‌ಸ್ಟಾಪಿನಲ್ಲಿ ಸಿಕ್ಕವರಿಗೆಲ್ಲಾ ಖುಷಿಯಿಂದ ಹೇಳುತ್ತಿರುತ್ತಾನೆ: “ಬೇತಮಂಗಲದೋರಿಗೆ ನಮ್ಮ ಕರು ಬೋ ಇಷ್ಟ ಆಗ್ಬುಡ್ತು. ಜೊತೆಗೆ ನಮ್ಮುಡುಗನ್ನೂ ಇಟ್ಕಳ್ಳಿ ಅಂದ್ವಿ. ಒಳ್ಳೇ ಜನ, ಬ್ಯಾಡ ಅನ್ನಲಿಲ್ಲ.”