ಪಿಕಪ್ಪನ್ನು ಮೂರು ಇಂಚು ತಗ್ಗಿಸಿದ್ದು

ನನ್ನಿಂದಾಗದ ಕೆಲಸಗಳ ಪಟ್ಟಿಯಲ್ಲಿ ಗಾಡಿ ರಿಪೇರಿ ಇರಲಿಲ್ಲ. ಆ ಭಾನುವಾರದವರೆಗೆ ನಾನದನ್ನು ಮಾಡಿ ನೋಡಿರಲಿಲ್ಲ, ಅಷ್ಟೇ ಕಾರಣ.

ಹಾರೋಹಳ್ಳಿ ಕಡೆ ಹೊಲಗಳ ನಡುವೆ ಒಂದೊಂದೇ ಕಾರ್ಖಾನೆ ಏಳುತ್ತಿದ್ದ ಕಾಲ ಅದು. ಅಲ್ಲೊಂದು ಪ್ಲಾಸ್ಟಿಕ್ ಬಕೆಟ್ ಕಾರ್ಖಾನೆಯ ಎಂಬತ್ತು ಜನಕ್ಕೆ ಮಧ್ಯಾಹ್ನದ ಊಟ ಕೊಡುವ ಕೆಲಸವನ್ನು ನನ್ನ ಹೆಂಡತಿ ಜಯಮ್ಮ ಹಿಡಿದಿದ್ದಳು. ಮರಳವಾಡಿ ಪಕ್ಕದ ನಮ್ಮೂರಿನಲ್ಲಿ, ರೇಷ್ಮೆ ಹುಳು ಸಾಕುತ್ತಿದ್ದ ಮನೆಯನ್ನೇ ಅಡುಗೆಮನೆ ಮಾಡಿಕೊಂಡು ದಿನವೂ ಮುದ್ದೆ, ಸಾರು, ಅನ್ನ ಮಾಡುತ್ತಿದ್ದಳು. ಅಡುಗೆ ಅವಳ ಜವಾಬ್ದಾರಿ, ಸಾಗಣೆ ನನ್ನದು. ಬಿಡಿಸಿ ಹೇಳಬೇಕೆಂದರೆ, ದುಡಿಯುವುದು ಅವಳು, ಸ್ಟಿಯರಿಂಗ್ ಹಿಡಿದು ಕೂರುವುದು ನಾನು.

ನಮ್ಮ ಪಿಕಪ್ಪು ಕೈ ಬದಲಾಗಿ ಬಂದದ್ದು. ಮೊದಲು ಅದರಲ್ಲಿ ರಾಮನಗರದ ಕಡೆ ಕಟ್ಟಡದ ಸೈಜುಗಲ್ಲು ಸಾಗಿಸುತ್ತಿದ್ದರು. ಹಿಂದಿನ ಚಕ್ರಗಳ ಮೇಲೆ ಬಿಲ್ಲಿನಂತೆ ಬಾಗಿದ ಉಕ್ಕಿನ ಕಮಾನು ಪಟ್ಟಿಗಳು ಒಂದರ ಮೇಲೊಂದು ಕೂತಿರುತ್ತವಲ್ಲ, ಕಲ್ಲಿನ ಭಾರ ತಡೆಯಲೆಂದು ಅವುಗಳ ಜೊತೆಗೆ ಇನ್ನಷ್ಟು ಪಟ್ಟಿ ಸೇರಿಸಿದ್ದರು. ಹಾಗಾಗಿ ಗಾಡಿಯ ಹಿಂಭಾಗ ಸದಾ ಎತ್ತಿಕೊಂಡೇ ಇರುತ್ತಿತ್ತು. ಕಲ್ಲು ಹೇರಿದರೆ ಅದು ಎಮ್ಮೆಯಷ್ಟು ಸಾಧು. ಸಾರು ಹೇರಿದರೆ ಕುದುರೆ!

ಪಾತ್ರೆ ಹಿಡಿದುಕೊಂಡು ಹಿಂದೆ ಕೂರುತ್ತಿದ್ದವಳು ಜಯಮ್ಮ. ಒಂದು ದಿನ ಕಾರ್ಖಾನೆ ತಲುಪಿದಾಗ ಅವಳ ಸೆರಗಿನಿಂದ ಹುರುಳಿಕಾಳು ಸಾರು ತೊಟ್ಟಿಕ್ಕುತ್ತಿತ್ತು.

"ಇದ್ರಾಗೆ ಇನ್ ನಾನ್ ಕೂರಾಕಿಲ್ಲ ಕಣ್ರೀ," ಎಂದಳು. "ಹತ್ತಕ್ಕೆ ಏಣಿ ಬೇಕು, ಇಳಿಯಕ್ಕೆ ದೇವ್ರು ಬೇಕು. ಮ್ಯಾನೇಜರ್ರು ಬ್ಯಾರೆ, ಸಾರು ದಿನಾ ಯಾಕೆ ಕಮ್ಮಿ ಬತ್ತೈತೆ ಅಂತ ಕೇಳ್ತಾವ್ರೆ. ಹಿಂಗೇ ಆದ್ರೆ ಕೆಲ್ಸ ಬ್ಯಾರೆಯವ್ರಿಗೆ ಕೊಡ್ತಾರಂತೆ."

"ಅಷ್ಟೇ ತಾನೇ? ಗಾಡಿನ ಮೂರಿಂಚು ತಗ್ಗಿಸ್ತೀನಿ ಬುಡು," ಎಂದೆ.

"ಯಾರು?"

"ನಾನು."

ಜಯಮ್ಮ ಏನೂ ಹೇಳಲಿಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಂಗಸು ಏನೂ ಹೇಳದಿದ್ದರೆ ಅದನ್ನು ಒಪ್ಪಿಗೆ ಎಂದು ತಿಳಿಯಬಾರದು. ನಾನು ತಿಳಿದೆ.

ತಾಂತ್ರಿಕ ಸಲಹೆಗಾರನಾಗಿ ಪಕ್ಕದ ಮನೆಯ ಪುಟ್ಟಸ್ವಾಮಿಯನ್ನು ನೇಮಿಸಿಕೊಂಡೆ. ಅವನು ಬಸ್ ಡ್ರೈವರಾಗಿ ನಿವೃತ್ತನಾದವನು. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಬಸ್ಸಿನ ಅಡಿಗೆ ಹೋಗಿ ನೋಡಿದವನಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಆಮೇಲೆ ಅಂದರೆ, ನಾನು ಗಾಡಿಯ ಅಡಿಯಲ್ಲಿದ್ದಾಗ.

ಭಾನುವಾರ ಬೆಳಗ್ಗೆ ಅಂಗಳದಲ್ಲಿ ಕಾರ್ಯಾರಂಭವಾಯಿತು. ಸುರಕ್ಷತೆಯ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವವನೇ ಅಲ್ಲ. ಮುಂದಿನ ಚಕ್ರಗಳಿಗೆ ನಾಲ್ಕು ಕಲ್ಲು ಕೊಟ್ಟೆ. ಕೋಳಿಗಳನ್ನು ಅಟ್ಟಿದೆ. ನಾಯಿಯನ್ನು ಕಟ್ಟಿದೆ. ಪುಟ್ಟಸ್ವಾಮಿಯ ಮಾತಿನಂತೆ ತಲೆಗೆ ಹೆಲ್ಮೆಟ್ ಹಾಕಿ ಗಾಡಿಯ ಅಡಿಗೆ ತೂರಿದೆ. ಹೆಲ್ಮೆಟ್ ಸಿಕ್ಕಿಹಾಕಿಕೊಂಡಿತು. ಅವನೇ ಕಾಲು ಹಿಡಿದು ಈಚೆಗೆ ಎಳೆಯಬೇಕಾಯಿತು.

ಜಾಕ್ ಏರಿಸಿದೆ. ಗಾಡಿ ಏಳಲಿಲ್ಲ, ಜಾಕೇ ಮಣ್ಣಿಗೆ ಇಳಿಯಿತು.

"ಜಾಕಿನಡಿ ಹಲಗೆ ಕೊಡು ಕಣ್ಲಾ!" ಎಂದ ಪುಟ್ಟಸ್ವಾಮಿ. ಕೈಗೆ ಸಿಕ್ಕ ಹಲಗೆಯನ್ನು ತಂದು ಅವನೇ ಕೊಟ್ಟ. ಗಾಡಿ ಚೆನ್ನಾಗಿಯೇ ಎದ್ದಿತು. ಚಾಸಿಯ ಕೆಳಗೆ ಎರಡು ದಪ್ಪ ಮರದ ದಿಮ್ಮಿ ನಿಲ್ಲಿಸಿದ ಮೇಲೆ 'ಟಪ್' ಎಂದು ಹಲಗೆ ಸೀಳಿಹೋಯಿತು. ಆಗ ಜಯಮ್ಮ ಹೊರಗೆ ಬಂದಳು.

"ನನ್ನ ಮುದ್ದೆ ಮಣೆ ಎಲ್ಲಿ?"

ಪುಟ್ಟಸ್ವಾಮಿ ಆಕಾಶ ನೋಡಿದ. ನಾನು ಗಾಡಿಯ ಅಡಿಗೆ ಹೋದೆ. ಆ ಹೊತ್ತಿಗೆ ಅಲ್ಲೇ ಹೆಚ್ಚು ಸುರಕ್ಷಿತ ಅನ್ನಿಸಿತು.

ಎಡಗಡೆಯಿಂದ ಶುರು ಮಾಡಿದೆ. ಚಕ್ರ ಕಳಚಿ, ಪಟ್ಟಿಗಳನ್ನು ಆಕ್ಸಲ್ಲಿಗೆ ಕಟ್ಟಿದ್ದ ಯು ಬೋಲ್ಟ್ ಬಿಚ್ಚಿ, ಪಟ್ಟಿಗಳನ್ನೆಲ್ಲ ಒಟ್ಟಿಗೆ ಹಿಡಿದಿಟ್ಟಿದ್ದ ನಡುವಿನ ಬೋಲ್ಟಿಗೆ ಕೈ ಹಾಕಿದೆ. ಅದನ್ನು ಬಿಚ್ಚುವ ಮೊದಲು ಪಟ್ಟಿಗಳನ್ನು ಕ್ಲಾಂಪಿನಲ್ಲಿ ಬಿಗಿಯಬೇಕಂತೆ. ಬಿಗಿಯಾಗಿ ಅದುಮಿಟ್ಟಿದ್ದ ಉಕ್ಕು ಬಿಟ್ಟ ತಕ್ಷಣ ಚಿಮ್ಮುತ್ತದಂತೆ. ಅಂತೆ ಏನು ಬಂತು, ಚಿಮ್ಮಿತು!

'ಠಣ್' ಎಂದ ಸದ್ದಷ್ಟೇ ನನಗೆ ಗೊತ್ತು. ಒಂದು ಪಟ್ಟಿ ನನ್ನ ಮೊಣಕಾಲಿನಿಂದ ಒಂದು ಗೇಣು ಅಂತರದಲ್ಲಿ ಹಾರಿ, ಅಲ್ಯೂಮಿನಿಯಂ ಡಬರಿಗೆ ಬಡಿದು, ಹುಲ್ಲಿನ ಮೆದೆ ಹೊಕ್ಕಿತು. ಕಟ್ಟಿದ್ದ ನಾಯಿ ಹಗ್ಗ ಕಿತ್ತುಕೊಂಡು ಓಡಿತು.

"ಏನೂ ಆಗಿಲ್ಲ ತಾನೇ?" ಎಂದು ಜಯಮ್ಮ ಓಡಿಬಂದಳು. ನನ್ನ ಕೈಕಾಲು ಮುಟ್ಟಿ ಮುಟ್ಟಿ ನೋಡಿದಳು. "ಸಾಕು ಬುಡಿ. ಯಾರಾದ್ರೂ ಮೆಕ್ಯಾನಿಕ್ಕುನ್ನ ಕರೀರಿ."

ಅಲ್ಲಿಗೇ ನಿಲ್ಲಿಸಿದ್ದರೆ ನಾನು ಬುದ್ಧಿವಂತ ಅನ್ನಿಸಿಕೊಳ್ಳುತ್ತಿದ್ದೆ. "ಅರ್ಧಕ್ಕೆ ಬಿಡೋದು ನಮ್ಮ ವಂಶದಲ್ಲೇ ಇಲ್ಲ," ಎಂದೆ. ಅರ್ಧಕ್ಕೆ ನಿಂತ ನಮ್ಮ ಮನೆಯ ಕಾಂಪೌಂಡ್ ಗೋಡೆಯನ್ನು ಅವಳು ಒಮ್ಮೆ ನೋಡಿ ಒಳಗೆ ಹೋದಳು.

ಇನ್ನೆರಡು ಪಟ್ಟಿ ತೆಗೆದು ನೆಲಕ್ಕೆ ಹಾಕಿದೆ. ಉಳಿದವನ್ನು ಜೋಡಿಸಿ ಬಿಗಿದೆ. ಬಲಗಡೆಗೆ ಬಂದು ಕೇಳಿದೆ: "ಪುಟ್ಟಸ್ವಾಮಿ, ಆ ಕಡೆ ಎಷ್ಟು ತೆಗ್ದೊ?"

ಅವನು ನೆಲದ ಮೇಲಿದ್ದವನ್ನು ಎಣಿಸಿದ. "ಎಲ್ಡು ಕಣ್ಲಾ."

ಬಲಗಡೆಯೂ ಎರಡು ತೆಗೆದೆ. ಹುಲ್ಲಿನ ಮೆದೆ ಹೊಕ್ಕಿದ್ದ ಮೂರನೆಯದು ಇಬ್ಬರ ಲೆಕ್ಕಕ್ಕೂ ಬರಲಿಲ್ಲ.

ಸಾಯಂಕಾಲ ಗಾಡಿ ಇಳಿಸಿದಾಗ ನೋಡಲು ಬಹಳ ಲಕ್ಷಣವಾಗಿತ್ತು. ಹಿಂಭಾಗ ತಗ್ಗಿತ್ತು, ಸಮನಾಗಿಯೂ ಕಂಡಿತು. ನಮ್ಮ ಅಂಗಳವೇ ಬಲಕ್ಕೆ ಇಳಿಜಾರು ಎಂಬುದು ಹುಟ್ಟಿದಾಗಿನಿಂದ ನನಗೆ ಗೊತ್ತಿರುವ ವಿಷಯ. ಆ ಸಾಯಂಕಾಲ ಉಳಿದೆಲ್ಲವೂ ನೆನಪಿತ್ತು. ಮರೆತದ್ದು ಅದೊಂದೇ.

ಸೋಮವಾರ ಪಾತ್ರೆಗಳನ್ನು ಏರಿಸಿದೆವು. ಜಯಮ್ಮ ಸೀರೆಯ ನೆರಿಗೆ ಹಿಡಿದು ಒಂದೇ ಹೆಜ್ಜೆಗೆ ಗಾಡಿ ಹತ್ತಿದಳು.

"ಹೂಂ, ಸಲೀಸಾಗೈತೆ," ಎಂದಳು.

ನಮ್ಮ ದಾಂಪತ್ಯದಲ್ಲಿ ನನಗೆ ದೊರೆತ ಪ್ರಶಸ್ತಿಗಳು ಕಡಿಮೆ. ಇದನ್ನು ನಾನು ಎರಡು ಕಿಲೋಮೀಟರ್ ಅನುಭವಿಸಿದೆ.

ಆಮೇಲೆ ಹಿಂದಿನಿಂದ ಅವಳ ಕೂಗು ಕೇಳಿತು. "ರೀ! ಪಾತ್ರೆ ಎಲ್ಲಾ ಎಡಕ್ಕೇ ಬತ್ತಾವೆ!"

"ರಸ್ತೆ ವಾಲೈತೆ ಕಣೆ!"

ರಸ್ತೆ ಬಲಕ್ಕೆ ತಿರುಗಿತು. ಪಾತ್ರೆಗಳು ಎಡಕ್ಕೇ ಬಂದವು. ರಸ್ತೆ ಎಡಕ್ಕೆ ತಿರುಗಿತು. ಆಗಲೂ ಎಡಕ್ಕೇ. ಅಷ್ಟರಲ್ಲಿ ಸೀದ ವಾಸನೆ ಬರತೊಡಗಿತು.

"ಸಾರಿನ ತಳ ಹತ್ತುಸ್ಬುಟ್ಟಿದ್ದೀಯಾ?" ಎಂದು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದೆ. ಜೀವನದಲ್ಲಿ ಕೇಳಬಾರದ ಪ್ರಶ್ನೆಗಳಿರುತ್ತವೆ.

"ನನ್ ಸಾರಾ? ಎಂಬತ್ತು ಜನ ಚಪ್ಪರ್ಸ್ಕಂಡ್ ಉಣ್ಣೋ ನನ್ ಸಾರಾ? ನಿಲ್ಸಿ ಮೊದ್ಲು ಗಾಡಿನ!"

ನಿಲ್ಲಿಸಲಿಲ್ಲ. ಹನ್ನೆರಡೂವರೆಗೆ ಕಾರ್ಖಾನೆಯ ಊಟದ ಗಂಟೆ. ಗಾಡಿ ನಿಲ್ಲಿಸಿ ಅವಳನ್ನು ಸಮಾಧಾನ ಮಾಡಲು ಸಮಯವಿರಲಿಲ್ಲ. ಸುಡುತ್ತಿದ್ದದ್ದು ಸಾರಲ್ಲ, ಗಾಡಿಯ ಮೈಗೆ ತಿಕ್ಕುತ್ತಿದ್ದ ಎಡಗಡೆಯ ಟೈರು ಎಂದು ತಿಳಿಯಲು ನಾನು ಇಳಿದು ನೋಡಬೇಕಿತ್ತು. ನೋಡಲಿಲ್ಲ.

ಕಾರ್ಖಾನೆಯ ಗೇಟಿಗೆ ಅಡ್ಡಲಾಗಿ ಒಂದು ಹಂಪ್ ಇತ್ತು. ಕಂಟೇನರ್ ಲಾರಿಗಳನ್ನು ಹಿಡಿದು ನಿಲ್ಲಿಸಲು ಹಾಕಿದ್ದ ಹಂಪ್, ಹೆಚ್ಚು ಕಡಿಮೆ ಒಂದು ಸಣ್ಣ ಬೆಟ್ಟ. ಮುಂದಿನ ಚಕ್ರ ದಾಟಿತು. ಹಿಂದಿನ ಚಕ್ರವೂ ದಾಟಿತು. ಆಮೇಲೆ ಗಾಡಿಯ ಬಾಲದಡಿ ತೂಗುತ್ತಿದ್ದ ಸ್ಟೆಪ್ನಿ ಚಕ್ರ ಹಂಪಿನ ಮೇಲೆ ಕುಳಿತುಬಿಟ್ಟಿತು. ನಾನು ಆಕ್ಸಿಲರೇಟರ್ ಒತ್ತಿದೆ. ಹಿಂದಿನ ಚಕ್ರಗಳು ಸುಮ್ಮನೆ ತಿರುಗಿದವು. ನಾವು ಮುಂದೂ ಇಲ್ಲ, ಹಿಂದೂ ಇಲ್ಲ.

ಗಂಟೆ ಹೊಡೆಯಿತು.

"ಮುಂದಕ್ ತಗೀರಿ ಸಾ!" ಎಂದ ವಾಚ್‌ಮನ್. ನಮ್ಮ ಹಿಂದೆ ಒಂದು ಕಂಟೇನರ್ ಬಂದು ನಿಂತು ಹಾರ್ನ್ ಮಾಡಿತು. ಅದರ ಹಿಂದೆ ಇನ್ನೊಂದು. ಒಳಗಿನಿಂದ ಹೊರಡಬೇಕಿದ್ದ ಬಕೆಟ್ ಲಾರಿ ಎದುರಿಗೆ ಬಂತು. ಕೊನೆಗೆ ಮ್ಯಾನೇಜರ್ ಬಂದರು.

"ಏನಿದು?" ಎಂದರು.

"ಸಸ್ಪೆನ್ಷನ್ ತಗ್ಗಿಸಿದ್ದೇನೆ ಸಾರ್," ಎಂದು ವಿನಯದಿಂದ ವರದಿ ಒಪ್ಪಿಸಿದೆ. ಅಷ್ಟು ಅವರಿಗಾಗಲೇ ಕಂಡಿತ್ತು.

ಜಯಮ್ಮ ನನ್ನ ಕಡೆ ನೋಡಲೂ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಾಡಿಯ ಹಿಂಬಾಗಿಲು ಇಳಿಸಿ ಕೂಗಿದಳು: "ತಟ್ಟೆ ತಗೊಂಡು ಇಲ್ಗೇ ಬನ್ರಪ್ಪಾ! ಮುದ್ದೆ ಬಿಸಿಯಾಗೈತೆ!"

ಎಂಬತ್ತು ಜನ ಗೇಟಿನ ಬಳಿ ಸಾಲು ನಿಂತರು. ಕಂಟೇನರಿನ ಡ್ರೈವರುಗಳಿಗೂ ಹಸಿವಾಗಿತ್ತು, ಹಾರ್ನ್ ನಿಲ್ಲಿಸಿ ತಟ್ಟೆ ಹಿಡಿದರು. ಜನ ಉಣ್ಣುತ್ತಾ ಹೋದಂತೆ ಗಾಡಿ ಹಗುರಾಯಿತು. ಹಗುರಾದಂತೆ ಕೂದಲೆಳೆಯಷ್ಟೇ ಏಳತೊಡಗಿತು. ಅನ್ನದ ಪಾತ್ರೆ ಖಾಲಿಯಾದಾಗ ಸ್ಟೆಪ್ನಿಗೂ ಹಂಪಿಗೂ ನಡುವೆ ಒಂದು ಬೆರಳು ಬೆಳಕು ಕಂಡಿತು. ಉಂಡು ಗಟ್ಟಿಯಾದ ಹತ್ತು ಜನ ಸೇರಿ ನೂಕಿದರು. ಗಾಡಿ ಬಿಡುಗಡೆಯಾಯಿತು!

"ಊಟ ನಾಳೆಯೂ ತನ್ನಿ ಅಮ್ಮಾ," ಎಂದರು ಮ್ಯಾನೇಜರ್. ನನ್ನ ಕಡೆ ತಿರುಗಿ, "ಈ ಗಾಡಿ ಮಾತ್ರ ತರಬೇಡಿ," ಎಂದರು. ಕೆಲಸ ಉಳಿಯಿತು. ಉಳಿಸಿದ್ದು ಯಾರೆಂದು ಅಲ್ಲಿ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಅಲ್ಲಿಂದ ನಡೆಯುವ ವೇಗದಲ್ಲಿ ಹತ್ತಿರದ ಗ್ಯಾರೇಜಿಗೆ ಹೋದೆವು. ಅಲ್ಲಿನ ಮೆಕ್ಯಾನಿಕ್ ಅನ್ವರ್ ಸಾಬರು ವಯಸ್ಸಾದವರು, ಮಾತು ಕಡಿಮೆ. ಗಾಡಿಯ ಅಡಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ಗಂಭೀರವಾಗಿತ್ತು.

"ಒಂದ್ ಕಡೆ ಎರಡು ಪಟ್ಟಿ ಕಮ್ಮಿ, ಇನ್ನೊಂದ್ ಕಡೆ ಮೂರು. ಯು ಬೋಲ್ಟಿನ ನಟ್ಟು ಕೈಯಲ್ಲೇ ತಿರುಗ್ತಾವೆ. ಟೈರು ದಾರ ಕಾಣೋವರ್ಗೂ ಸವ್ದೈತೆ. ಇನ್ನೊಂದೆರಡು ಮೈಲಿ ಹೋಗಿದ್ರೆ ಟೈರೋ ಆಕ್ಸಲ್ಲೋ, ಯಾವ್ದಾದ್ರೂ ಒಂದು ಕೈ ಕೊಡ್ತಿತ್ತು. ಹಿಂದೆ ಯಾರು ಕೂತಿದ್ರು?"

"ನಾನು ಕಣಪ್ಪಾ," ಎಂದಳು ಜಯಮ್ಮ.

ಅಷ್ಟು ಹೊತ್ತೂ ನಾನು ಯೋಚಿಸಿದ್ದು ಗಾಡಿ, ಮರ್ಯಾದೆ, ಮ್ಯಾನೇಜರ್. ಹಿಂದೆ ಕೂತವಳ ಯೋಚನೆ ಈಗ ಬಂತು. ಅಲ್ಲೇ ಬೆಂಚಿನ ಮೇಲೆ ಕೂತೆ.

"ಈ ಕೆಲ್ಸ ಯಾವ ಪುಣ್ಯಾತ್ಮ ಮಾಡಿದ್ದು?" ಎಂದರು ಸಾಬರು. "ಆಳು ಸಿಕ್ಕಿದ್ರೆ ಒಸಿ ತೋರ್ಸಿ."

ಜಯಮ್ಮ ನನ್ನ ಹೆಸರು ಹೇಳುತ್ತಾಳೆಂದು ತಲೆ ತಗ್ಗಿಸಿ ಕಾದೆ. ಅವಳು ಹೇಳಲಿಲ್ಲ.

"ಅವ್ನ್ ಎಲ್ಲೂ ಹೋಗಾಕಿಲ್ಲ ಬುಡಪ್ಪಾ," ಎಂದಳು. "ಮೂರೊತ್ತೂ ನಮ್ಮನೇಲೇ ಉಣ್ತಾನೆ."

ಸಾಬರು ನನ್ನ ಮುಖ ನೋಡಿದರು. ಆಮೇಲೆ ನನ್ನ ಉಗುರಿನ ಸಂದಿಯ ಗ್ರೀಸು ನೋಡಿದರು. ನನ್ನ ಪಕ್ಕ ಬೆಂಚಿನ ಮೇಲಿದ್ದ ಸ್ಪ್ಯಾನರನ್ನು ಮೆಲ್ಲಗೆ ಎತ್ತಿ, ನನ್ನ ಕೈಗೆ ಎಟುಕದ ಹಾಗೆ ಆಚೆ ಕಡೆ ಇಟ್ಟರು.