ಆಕಳಿಲ್ಲದ ಶುದ್ಧಿ

ಇಂದ,
ಅಯ್ಯಣ್ಣ, ಬಿ.ಎಸ್ಸಿ.,
ರಸಾಯನಶಾಸ್ತ್ರದ ಮಾಸ್ತರ (ಸದ್ಯ ಅಮಾನತಿನಲ್ಲಿ),
ಹಿರೇಕೊಟ್ನೆಕಲ್, ಮಾನ್ವಿ ತಾಲ್ಲೂಕು.

ಗೆ,
ಶ್ರೀ ದೊಡ್ಡಪ್ಪ ಸಾಹುಕಾರರು,
ಎಣ್ಣೆ ಗಿರಣಿಯ ಮಾಲೀಕರು ಹಾಗೂ ಶಾಲಾ ಆಡಳಿತ ಮಂಡಳಿಯ ಕಾರ್ಯದರ್ಶಿಗಳು, ರಾಯಚೂರು.

ವಿಷಯ: ಪ್ರಯೋಗಶಾಲೆಯ ಶುದ್ಧಿಗೆ ಬೇಕಾದ ದ್ರವ್ಯವನ್ನು ಆಕಳಿನ ನೆರವಿಲ್ಲದೆ ತಯಾರಿಸಲು ಅನುಮತಿ ಕೋರಿ, ಮತ್ತು ನನ್ನನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂಬ ತಮ್ಮ ಪ್ರಶ್ನೆಗೆ ಉತ್ತರ.

ಉಲ್ಲೇಖ: ೧) ತಮ್ಮ ನೋಟೀಸು, ಆರೋಪ, "ಕುಡಿಯುವ ನೀರಿನ ಗಡಿಗೆ ಮುಟ್ಟಿದ್ದು". ೨) ಅಯ್ಯಣ್ಣ ಮುಟ್ಟಿದ ಸೀಸೆಗಳ ಮುಚ್ಚಳ ತೆಗೆದು ಒಳಗೂ ಗೋಮೂತ್ರ ಹಾಕತಕ್ಕದ್ದು ಎಂಬ ತಮ್ಮ ಬಾಯಿಮಾತಿನ ಹುಕುಂ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಹೊಸ್ತಿಲ ಆಚೆ ನಿಂತು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ನಾನು ಊರ ಹೊರಗಿನ ಕೇರಿಯವನು. ತಮ್ಮ ಶಾಲೆಗೆ ನನ್ನನ್ನು ತೆಗೆದುಕೊಂಡದ್ದು ರಸಾಯನಶಾಸ್ತ್ರ ಓದಿದ ಬೇರೆ ಮನುಷ್ಯ ಎಲ್ಲಿಯೂ ಸಿಗದ ಕಾರಣ. ನನ್ನ ಪಾಠ ಮುಗಿದ ಮೇಲೆ ತಮ್ಮ ಮನೆಯ ಪೂಜೆಗೆ ಬರುವ, ದೇವದುರ್ಗದ ಕಡೆಯ ಶರಣಯ್ಯನವರು ಬಂದು ಪ್ರಯೋಗಶಾಲೆಗೆ ಗೋಮೂತ್ರ ಚಿಮುಕಿಸಿ ಶುದ್ಧಿ ಮಾಡುತ್ತಾರೆ. ಆ ಹೊತ್ತಿನಲ್ಲಿ ನಾನು ಪಡಸಾಲೆಯಲ್ಲಿ ನಿಲ್ಲತಕ್ಕದ್ದು. ನಿಂತಿದ್ದೇನೆ.

೨. ಲವಣ ಕರಗಿಸಲು ಇಟ್ಟ, ಭಟ್ಟಿ ಇಳಿಸಿದ ನೀರಿನ ಸೀಸೆಯೂ ನಾನು ಮುಟ್ಟಿದ್ದೇ ಆದ್ದರಿಂದ ಅದನ್ನೂ ಶುದ್ಧಿ ಮಾಡಲಾಯಿತು. ಗೋಮೂತ್ರದಲ್ಲಿ ಉಪ್ಪಿನಂಶ, ಅಂದರೆ ಕ್ಲೋರೈಡ್, ಇರುವ ಕಾರಣ, ಅಂದಿನಿಂದ ವಿದ್ಯಾರ್ಥಿಗಳಿಗೆ ಯಾವ ಲವಣ ಕೊಟ್ಟರೂ ಪರೀಕ್ಷೆಯಲ್ಲಿ ಕ್ಲೋರೈಡ್ ಎಂದೇ ಬರುತ್ತಿದೆ. ಶುದ್ಧಿ ಮಾಡಿದ ಮೇಲೆ ಹೊಲಸಾಗುವ ನೀರು ನಿಜಾಮ ಸರಕಾರದ ಮುಲ್ಕಿನಲ್ಲಿ ಬೇರೆಲ್ಲೂ ಇರಲಾರದು.

೩. ಈ ಬಗ್ಗೆ ತಮ್ಮ ಗಿರಣಿಯ ಅಂಗಳಕ್ಕೆ ಬಂದು, ಗೋಮೂತ್ರದಲ್ಲಿ ನೀರು, ಉಪ್ಪು ಬಿಟ್ಟರೆ ಮುಖ್ಯವಾಗಿ ಇರುವುದು ಯೂರಿಯಾ ಎಂಬ ಪದಾರ್ಥ, ಅದನ್ನು ಮಾಡಲು ಆಕಳೇ ಬೇಕಿಲ್ಲ ಎಂದು ನಾನು ತಿಳಿಸಿದ್ದು ತಮಗೆ ನೆನಪಿರಬಹುದು. ತಾವು ನಕ್ಕಿರಿ.

"ಅಯ್ಯಣ್ಣ, ಆಕಳ ಹೊಟ್ಟ್ಯಾಗ ಜೀವ ಅದ. ನಿನ್ನ ಸೀಸೆದಾಗ ಏನದಲೇ?"

"ಅದೇ ಯೂರಿಯಾ ಅದರೀ ಸಾವ್ಕಾರ್ರೀ. ಎರಡೂ ಮುಂದಿಟ್ರ ಆಕಳಿಗೂ ಗುರುತು ಸಿಗಂಗಿಲ್ಲ."

ತಮ್ಮ ಅಭಿಪ್ರಾಯ ಒಂಟಿಯಲ್ಲ. ಜೀವಿಗಳ ಮೈಯಲ್ಲಿ ಹುಟ್ಟುವ ಪದಾರ್ಥಕ್ಕೆ ಜೀವಶಕ್ತಿಯೇ ಬೇಕು ಎಂದು ಯುರೋಪಿನ ದೊಡ್ಡ ದೊಡ್ಡ ಪಂಡಿತರೂ ನಂಬಿದ್ದರು. ಆಮೇಲೆ ಜರ್ಮನಿಯಲ್ಲೊಬ್ಬರು ಬೆಳ್ಳಿಯ ಒಂದು ಲವಣವನ್ನೂ ನಮ್ಮ ಬಜಾರಿನ ಕಲಾಯಿಯವರ ಹತ್ತಿರ ಸಿಗುವ ನವಸಾಗರವನ್ನೂ ಸೇರಿಸಿ ಯೂರಿಯಾ ಮಾಡಿಬಿಟ್ಟರು. ಇದು ನಡೆದು ನೂರು ವರ್ಷದ ಮೇಲಾಯಿತು. ಸುದ್ದಿ ರಾಯಚೂರಿಗೆ ತಲುಪಲು ಅಷ್ಟು ಕಾಲ ಬೇಕಾಗುವುದು ಸಹಜ.

೪. ಸಾವಯವ ರಸಾಯನಶಾಸ್ತ್ರ ಅಲ್ಲಿಗೇ ನಿಂತಿಲ್ಲ. ತಮ್ಮ ಶಾಲಿನ ನೇರಳೆ ಬಣ್ಣ ಕಲ್ಲಿದ್ದಲಿನ ಡಾಂಬರಿನಿಂದ ಬಂದದ್ದು. ಹೋದ ಮಳೆಗಾಲದಲ್ಲಿ ತಮ್ಮ ಎದೆಯ ಕಫ ಇಳಿಸಿದ ಸಲ್ಫಾ ಗುಳಿಗೆಯೂ ಯಾವುದೋ ಸೀಸೆಯಲ್ಲಿ ಹುಟ್ಟಿದ್ದೇ. ಅದನ್ನು ಯಾವ ಕೇರಿಯವನು ಮುಟ್ಟಿದ್ದನೆಂದು ತಾವು ವಿಚಾರಿಸದೆ ನುಂಗಿದಿರಿ. ಮರದ ತೊಗಟೆ ಇಲ್ಲದೆ ಕ್ವಿನೈನ್ ಕಟ್ಟುವ ದಾರಿಯೂ ಅಮೆರಿಕದಲ್ಲಿ ಸಿಕ್ಕಿದೆಯಂತೆ. ಮುಂದೆ ನಾವು ಉಂಡದ್ದು ರಕ್ತವಾಗುವುದು, ತಂದೆಯ ಮೂಗು ಮಗನಿಗೆ ಬರುವುದು ಎಲ್ಲವೂ ರಸಾಯನಶಾಸ್ತ್ರದ ಪಾಠವಾಗುತ್ತದೆ ಎಂದು ನನ್ನ ನಂಬಿಕೆ. ಆಗ ಜೀವಶಾಸ್ತ್ರದ ಮಾಸ್ತರರೂ ನಾನೂ ಒಂದೇ ಬೆಂಚಿನಲ್ಲಿ ಕೂರಬೇಕಾದೀತು. ಆದಕಾರಣ, ಬೆಂಚು ತೊಳೆಯುವ ಏರ್ಪಾಡನ್ನು ಮಂಡಳಿ ಈಗಿನಿಂದಲೇ ಯೋಚಿಸುವುದು ಒಳ್ಳೆಯದು.

೫. ಇನ್ನು ಆರೋಪದ ವಿಚಾರ. ಅಂದು ಶರಣಯ್ಯನವರು ಗಂಧಕಾಮ್ಲದ ಅಗಲಬಾಯಿ ಸೀಸೆಯ ಮುಚ್ಚಳಕ್ಕೆ ಕೈ ಹಾಕಿದರು. ಆ ಆಮ್ಲಕ್ಕೆ ನೀರಿನಂಥದ್ದು ಬಿದ್ದರೆ ಕುದಿದು ಸಿಡಿಯುತ್ತದೆ. ನಾನು ಪಡಸಾಲೆಯಿಂದಲೇ ಕೂಗಿದೆ.

"ಅಯ್ಯಾರೇ, ಅದನ್ನ ತೆಗೀಬ್ಯಾಡ್ರೀ, ಸಿಡೀತದ!"

"ನೀ ಸುಮ್ನಿರಲೇ. ಸಾವ್ಕಾರ್ರ ಹುಕುಂ ಅದ."

ಸೀಸೆ ದೊಡ್ಡದು, ನಾನು ಹೆಚ್ಚು ಬಳಸುವಂಥದ್ದು. ಆದ್ದರಿಂದ ಗೋಮೂತ್ರವನ್ನು ಚಿಮುಕಿಸದೆ ಸುರಿದೇಬಿಟ್ಟರು. ಆಮ್ಲ ಅವರ ಬಲಗೈಗೆ ಸಿಡಿಯಿತು. "ಯಪ್ಪಾ, ಸತ್ತೆನೋ! ನೀರ್ ಹಾಕೋ ಯಪ್ಪಾ!" ಎಂದು ಒದ್ದಾಡಿದರು. ಕೈ ತೊಳೆಯುವಷ್ಟು ನೀರೆಂದರೆ ಅಲ್ಲಿ ಮಂಡಳಿಯವರು ಕುಡಿಯುವ ಗಡಿಗೆಯದು ಮಾತ್ರ. ನಾನು ಒಳಗೆ ಓಡಿ ಒಂದು ಕೈಯಲ್ಲಿ ಅವರ ಮುಂಗೈ ಹಿಡಿದು ಇನ್ನೊಂದು ಕೈಯಲ್ಲಿ ಗಡಿಗೆ ಬಗ್ಗಿಸಿದೆ. ಗಡಿಗೆ ಬರಿದಾಗುವ ಹೊತ್ತಿಗೆ ಉರಿ ಇಳಿಯಿತು. ಉರಿ ಇಳಿದ ಮೇಲೆ ಅವರಿಗೆ ನನ್ನ ಜಾತಿ ನೆನಪಾಯಿತು.

"ಗಡಿಗಿ ಯಾಕ ಮುಟ್ಟಿದಿ ಲೇ?"

ಆ ಪ್ರಶ್ನೆಯನ್ನೇ ತಾವು ನೋಟೀಸಿನಲ್ಲಿ ಇನ್ನಷ್ಟು ಒಳ್ಳೆಯ ಭಾಷೆಯಲ್ಲಿ ಕೇಳಿದ್ದೀರಿ. ಮೊನ್ನೆ ಶರಣಯ್ಯನವರು ಪೋತ್ನಾಳದ ರಸ್ತೆಯಲ್ಲಿ ಸಿಕ್ಕು, "ಮಾಸ್ತರ, ಕೈ ಉಳೀತು. ಆದ್ರ ಮಂಡಳಿ ಮುಂದ ನಾ ಹಂಗ ಹೇಳಂಗಿಲ್ಲ ನೋಡು, ನನಗೂ ಹೊಟ್ಟಿ ಅದ" ಎಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ತಮ್ಮ ಮೇಲೆ ಬಂದಿದೆ. ಅರ್ಜಿಯಲ್ಲಿ ಸಿಟ್ಟಿಗೆ ಬೇರೆ ಕಲಂ ಇಲ್ಲದ ಕಾರಣ ಇಲ್ಲೇ ನಮೂದಿಸಿದ್ದೇನೆ.

೬. ನನ್ನ ತಾಯಿ ಗೋಪಮ್ಮ ಕಂಡವರ ಹೊಲದಲ್ಲಿ ಕಳೆ ಕಿತ್ತು ನನ್ನನ್ನು ಓದಿಸಿದವಳು. "ಸಾಲಿಗಿ ಯಾಕ ಹೋಗವಲ್ಲಿ ಯಪ್ಪಾ? ಏನ್ ತಪ್ ಮಾಡಿದಿ?" ಎಂದು ಕೇಳುತ್ತಾಳೆ. ಈ ಕೆಲಸ ಹೋದರೆ ನನಗೆ ಮತ್ತೊಂದು ಪ್ರಯೋಗಶಾಲೆ ಸಿಗುವುದಿಲ್ಲ. ಅವಳಿಗೆ ಮತ್ತೆ ಕಳೆ ಕೀಳುವುದು ತಪ್ಪುವುದಿಲ್ಲ. ಅವಳಿಗೆ ಹೇಳುವಂಥ ತಪ್ಪು ಎಷ್ಟು ಹುಡುಕಿದರೂ ನನಗೆ ಸಿಕ್ಕಿಲ್ಲ.

ಆದ್ದರಿಂದ ಪ್ರಾರ್ಥನೆ ಏನೆಂದರೆ:

(ಅ) ನನ್ನನ್ನು ಕೆಲಸಕ್ಕೆ ಮರಳಿ ತೆಗೆದುಕೊಂಡು, ಶುದ್ಧಿಯ ಯೂರಿಯಾವನ್ನು ನಾನೇ ಸೀಸೆಯಲ್ಲಿ ತಯಾರಿಸಲು ಅನುಮತಿ ನೀಡಬೇಕು.

(ಆ) ಹಾಗೆ ನನ್ನ ಕೈಯಿಂದಲೇ ತಯಾರಾದದ್ದು ನನ್ನ ಮೈಲಿಗೆಯನ್ನು ತೊಳೆಯುತ್ತದೆಯೇ, ಹೆಚ್ಚಿಸುತ್ತದೆಯೇ ಎಂಬ ಬಗ್ಗೆ ಮಂಡಳಿ ಸಭೆ ಸೇರಿ ಠರಾವು ಮಾಡಬೇಕು. ರಸಾಯನಶಾಸ್ತ್ರಕ್ಕೆ ಇದರ ಉತ್ತರ ಗೊತ್ತಿಲ್ಲ.

(ಇ) ಕೆಲಸದಿಂದ ತೆಗೆಯುವುದೇ ಆದರೆ, ಕಾರಣದ ಜಾಗದಲ್ಲಿ "ಸುಡುತ್ತಿದ್ದ ಕೈಗೆ ನೀರು ಹಾಕಿದ" ಎಂದು ಬರೆಯಬೇಕು. ತಾಯಿಗೆ ಓದಿ ಹೇಳಬೇಕಾಗಿದೆ.

ದೂರದಿಂದಲೇ ತಮ್ಮ ವಿಶ್ವಾಸಿ,
ಅಯ್ಯಣ್ಣ

ಅಡಕಗಳು: ೧) ಬಿ.ಎಸ್ಸಿ. ಸರ್ಟಿಫಿಕೇಟಿನ ನಕಲು (ನಾನು ಮುಟ್ಟಿದ್ದೇನೆ). ೨) ನವಸಾಗರದ ಒಂದು ಪೊಟ್ಟಣ (ಇದನ್ನೂ).

ವಿಶೇಷ ಸೂಚನೆ: ನಾನು ಮುಟ್ಟಿದ ಗಡಿಗೆಯನ್ನು ತಮ್ಮ ಅಪ್ಪಣೆಯಂತೆ ಅಂದೇ ಒಡೆದು ಹಾಕಿದ್ದಾರೆ. ಆದರೆ ಗಡಿಗೆಯಷ್ಟೇ ಹೊತ್ತು ನಾನು ಶರಣಯ್ಯನವರ ಬಲಗೈಯನ್ನೂ ಹಿಡಿದಿದ್ದೆ. ಸದರಿ ಕೈ ಇನ್ನೂ ಅವರ ಬಳಿಯೇ ಇದ್ದು, ಅದೇ ಕೈಯಿಂದ ತಮ್ಮ ಮನೆಯ ಪೂಜೆಗೆ ಹೂವು ಏರಿಸುತ್ತಿದ್ದಾರೆ. ಅದನ್ನು ಏನು ಮಾಡತಕ್ಕದ್ದು ಎಂಬ ಬಗ್ಗೆ ಹುಕುಂ ಬಂದಿಲ್ಲ. ಬೇಗ ತಿಳಿಸಬೇಕಾಗಿ ವಿನಂತಿ.