ತಾತ ಓದಿದ ಒಂದೇ ಕಾದಂಬರಿ

ಮಕ್ಕಳೇ, ನಿಮ್ಮ ತಾತ ಜೀವಮಾನದಲ್ಲಿ ಓದಿದ್ದು ಒಂದೇ ಒಂದು ಕಾದಂಬರಿ. ಅದರ ಬಗ್ಗೆ ಅಭಿಪ್ರಾಯ ಹೇಳಿದ್ದು ಮಾತ್ರ ಹತ್ತು ವರ್ಷ! ಇಂಥ ಓದುಗ ಸಿಗುತ್ತಾನೆಂದು ಗೊತ್ತಿದ್ದರೆ ಬರೆದವರು ಪೆನ್ನನ್ನೇ ಮುಟ್ಟುತ್ತಿರಲಿಲ್ಲವೇನೋ.

ಹೊಸೂರಿಗೆ ಆಗಿನ್ನೂ ಫ್ಯಾಕ್ಟರಿಗಳು ಬರುತ್ತಿದ್ದ ಕಾಲ. ತಾತ ನಮ್ಮೂರು ತಳಿಯಿಂದ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಅಲ್ಲಿ ಹಳೇ ಪೇಪರ್ ಅಂಗಡಿಯಲ್ಲಿ ರಟ್ಟು ಕಿತ್ತುಹೋದ ಒಂದು ತಮಿಳು ಪುಸ್ತಕ ಸಿಕ್ಕಿತು. ಭೂಮಿಯವನೊಬ್ಬ ಆಕಾಶನೌಕೆ ಹತ್ತಿ ಬೇರೆ ಲೋಕಕ್ಕೆ ಹೋಗಿ, ಅಲ್ಲಿನವರ ರೀತಿನೀತಿ ನೋಡಿಬರುವ ಕಥೆಯಂತೆ. 'ಅಂತೆ' ಎನ್ನುತ್ತೇನೆ, ಏಕೆಂದರೆ ಅವರು ಕಲಿತದ್ದು ತಮಿಳು ಶಾಲೆಯಲ್ಲಿ. ನಾನು ಬಾಗಲೂರಿನ ಕಡೆಯ ಹಳ್ಳಿಯಲ್ಲಿ, ಐದನೇ ಕ್ಲಾಸಿನವರೆಗೆ, ಕನ್ನಡದಲ್ಲಿ. ಆಗ ಕಥೆಯೆಲ್ಲ ನನಗೆ ಬಂದದ್ದು ಅವರ ಬಾಯಿಂದಲೇ, ಬೈಗುಳದ ಸಮೇತ.

ಆ ಲೋಕಕ್ಕೆಲ್ಲ ಒಂದೇ ಭಾಷೆ ಎಂದು ಬರೆದಿತ್ತಂತೆ. ತಾತನಿಗೆ ತಡೆಯಲಾಗಲಿಲ್ಲ. "ನಮ್ ಬೀದಿಗೇ ಮೂರ್ ಭಾಷೆ ಐತೆ, ಅಷ್ಟ್ ದೊಡ್ ಲೋಕಕ್ಕೆ ಒಂದೇನಾ? ಬರ್ದೋನು ಒಂದ್ಸಲ ತಳಿ ಬಸ್ ಹತ್ತಿದ್ರೆ ಸಾಕಾಗಿತ್ತು" ಎಂದರು. ಭೂಮಿಯವನು ಹೋಗಿ ಇಳಿದರೂ ಯಾವೂರು, ಯಾರ ಮಗ ಎಂದು ಯಾರೂ ಕೇಳಲಿಲ್ಲವೆಂದು ಎರಡು ದಿನ ಸಿಟ್ಟು. ಅಲ್ಲಿನವರ ಕೈಗೆ ಮೂರೇ ಬೆರಳು ಎಂದು ಓದಿದ ದಿನ ಕೊಟ್ಟಿಗೆಗೆ ಹೋಗಿ ಮೂರೇ ಬೆರಳಲ್ಲಿ ಹಾಲು ಕರೆದು ನೋಡಿದರು. ಹಸು ತನ್ನ ಅಭಿಪ್ರಾಯವನ್ನು ಕಾಲಿನಿಂದ ಹೇಳಿತು!

ನಮ್ಮದು ಒಂಬತ್ತು ಜನರ ಮನೆ. ಊಟಕ್ಕೆ ಮೊದಲು ಗಂಡಸರು, ಮಕ್ಕಳು, ಆಮೇಲೆ ಅತ್ತೆ, ಎಲ್ಲರಿಗಿಂತ ಕೊನೆಗೆ ನಾನು. ಮುದ್ದೆ ಕಟ್ಟುವವಳು ನಾನೇ ಆದರೂ ಎಷ್ಟೋ ದಿನ ನನ್ನ ಪಾಲಿಗೆ ಉಳಿಯುತ್ತಿದ್ದುದು ಪಾತ್ರೆಯ ತಳಕ್ಕೆ ಅಂಟಿದ ಸೀಕು. ನಿಮ್ಮಪ್ಪ ಹೊಟ್ಟೆಯಲ್ಲಿದ್ದ. ಹಸಿವೆಂದು ಬಾಯಿಬಿಟ್ಟು ಹೇಳಲು ನಾಚಿಕೆ.

ಒಂದು ಸಂಜೆ ತಾತ ತಟ್ಟೆ ಮುಟ್ಟದೆ ಕೂತರು. ಪುಸ್ತಕವೆಲ್ಲ ಸುಳ್ಳು, ಆ ಲೋಕದವರ ಒಂದೇ ಒಂದು ಪದ್ಧತಿ ಮಾತ್ರ ಒಪ್ಪುವಂಥದ್ದು ಎಂದರು. "ಅಡಿಗೆ ಮಾಡ್ದೋರು ಮೊದ್ಲು ಉಣ್ಬೇಕು. ವಿಷ ಇಲ್ಲ ಅಂತ ಗೊತ್ತಾಗ್ಬೇಕಲ್ಲ."

"ನನ್ ಸೊಸೆ ವಿಷ ಇಕ್ತಾಳೇನ್ಲಾ?" ಎಂದರು ಅತ್ತೆ.

"ಇಕ್ಕಲ್ಲ ಕಣಮ್ಮ. ಆದ್ರೂ ಫ್ಯಾಕ್ಟರೀಲಿ ಟೆಸ್ಟ್ ಮಾಡ್ದೆ ಮಾಲು ಆಚೆ ಬಿಡ್ತಾರಾ?"

ನಾನು ಒಂದು ಚೂರು ಮುರಿದುಕೊಂಡೆ. ಅಷ್ಟಕ್ಕೆಲ್ಲ ವಿಷ ಗೊತ್ತಾಗುವುದಿಲ್ಲವಂತೆ, ಪೂರ್ತಿ ಮುದ್ದೆಯೇ ಆಗಬೇಕಂತೆ, ಸಾರಿನ ಸಮೇತ! ಗೋಡೆಗೆ ಮುಖ ಮಾಡಿ ತಿಂದೆ. ಕಣ್ಣೀರು ಸಾರಿಗೆ ಬೀಳುತ್ತಿತ್ತು. ಕಟ್ಟಿಕೊಂಡವರೇ ಹೀಗಂದರಲ್ಲ ಎಂದು ಮೂರು ದಿನ ಮಾತು ಬಿಟ್ಟೆ. ಅವರು ಜಗ್ಗಲಿಲ್ಲ. ನಾನು ಉಣ್ಣುವವರೆಗೆ ತಾವೂ ಮುಟ್ಟರು, ಮಾವನಿಗೂ ಬಿಡರು. ಪಾಪ, ಮಾವ ಕೊನೆಗೆ ಜಗಲಿಯಿಂದಲೇ ಬೇಗ ಟೆಸ್ಟ್ ಮುಗಿಸಮ್ಮ ಎನ್ನತೊಡಗಿದರು.

ಅತ್ತೆ ಒಂದು ವಾರ ಗೊಣಗಿದರು. ಆಮೇಲೆ ಒಂದು ದಿನ ಯಾರೂ ಕೇಳದೆಯೇ ಚಟ್ನಿ ಅರೆದರು. "ನಾನೂ ಅಡಿಗೆ ಮಾಡಿವ್ನಿ ಕಣೇ, ನಂದೂ ಟೆಸ್ಟ್ ಆಗ್ಲಿ" ಎಂದು ನನ್ನ ಪಕ್ಕ ಕೂತರು. ಆ ಮನೆಯಲ್ಲಿ ಮೂವತ್ತು ವರ್ಷ ಆರಿದ್ದನ್ನೇ ಉಂಡವರು. ಮುದ್ದೆ ಮುರಿದು, ಏಳುವ ಹಬೆಯನ್ನೇ ಸ್ವಲ್ಪ ಹೊತ್ತು ನೋಡಿದರು.

"ಆ ಲೋಕದೋರು ಒಳ್ಳೇ ಜನ" ಎಂದರು.

ನಿಮ್ಮಪ್ಪ ದುಂಡುದುಂಡಗೆ ಹುಟ್ಟಿದ.

ನಿಮ್ಮ ಪಾಠದ ಪುಸ್ತಕ ಹಿಡಿದು, ನಿಮ್ಮ ಜೊತೆ ಕೂತು ನಾನೂ ತಮಿಳು ಅಕ್ಷರ ಕಲಿತೆನಲ್ಲ? ತಾತ ಹೋದ ಮೇಲೆ ಅವರ ಪೆಟ್ಟಿಗೆಯಲ್ಲಿದ್ದ ಆ ಪುಸ್ತಕವನ್ನು ಒಂದೊಂದೇ ಸಾಲು ಕೂಡಿಸಿ ಓದಿದೆ. ಒಂದೇ ಭಾಷೆ ಇದೆ. ಮೂರು ಬೆರಳೂ ಇವೆ. ಊಟದ ಪದ್ಧತಿಗಾಗಿ ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಹುಡುಕಿದೆ. ಆ ಜನ ದಿನಕ್ಕೊಂದು ಮಾತ್ರೆ ನುಂಗಿ ಬದುಕುವವರು, ಮಕ್ಕಳೇ. ಆ ಲೋಕದಲ್ಲಿ ಒಲೆಯೇ ಇಲ್ಲ.

ಅವರ ಜೊತೆ ನಾನು ಮೂರು ದಿನ ಮಾತು ಬಿಟ್ಟಿದ್ದೆ.